ನಕ್ಷತ್ರ ಓದಿದರೆ ಹೊಟ್ಟೆ ತುಂಬುತ್ತದೆಯೇ?



ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂದಿನಂತೆ ಅಡುಗೆಮನೆಯವು. ಮಿಡಿ ಉಪ್ಪಿನಕಾಯಿಗೆ ಬೂಸಲು ಬಂತು, ಹಲಸಿನ ಹಪ್ಪಳ ಕರಿದರೆ ಕೆಂಪಾಗುತ್ತದೆ, ನೀರುದೋಸೆ ಕಾವಲಿಯಿಂದ ಏಳುವುದಿಲ್ಲ. ಇವಕ್ಕೆಲ್ಲ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರ ಕೊಡುತ್ತೇನೆ. ಈ ಸಲದ ಪುಟ ಪೂರ್ತಿ ಒಂದೇ ಪತ್ರಕ್ಕೆ ಮೀಸಲು. ಬರೆದವರು ಘಟ್ಟದ ಕೆಳಗಿನ ಒಂದು ಸಣ್ಣ ಪೇಟೆಯ ಗೃಹಿಣಿ. ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ. ಪತ್ರ ಹೀಗಿದೆ:

"ಅಕ್ಕಾ, ನನ್ನ ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಫಿಸಿಕ್ಸ್‌ನಲ್ಲಿ ಒಳ್ಳೆ ಮಾರ್ಕು. ಈಗ ಎಂ.ಎಸ್ಸಿ. ಮಾಡಿ, ಮತ್ತೆ ಬೆಂಗಳೂರಿಗೆ ಹೋಗಿ ನಕ್ಷತ್ರಗಳ ಸಂಶೋಧನೆ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಇವರು ಬಿ.ಎಡ್. ಮಾಡಿಸಿ, ಒಳ್ಳೆ ಸಂಬಂಧ ಬಂದರೆ ಮದುವೆ ಮುಗಿಸುವ ಎನ್ನುತ್ತಾರೆ. ಅತ್ತೆಯವರು ಕೇಳುವುದು, ನಕ್ಷತ್ರ ನೋಡಲಿಕ್ಕೆ ಜೋಯಿಸರಿದ್ದಾರಲ್ಲ, ಇವಳೆಂತಕ್ಕೆ ಅಂತ. ಆಕಾಶಕ್ಕೆ ದುರ್ಬೀನು ಕಳಿಸಿ ಕೂತುಕೊಂಡರೆ ಹೊಟ್ಟೆ ತುಂಬುತ್ತದೆಯೇ? ನಾನು ಯಾರ ಕಡೆ ನಿಲ್ಲಲಿ?"

ಸೋದರೀ, ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಸೌಟು ಹಿಡಿದವಳು. ಆದರೆ ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳಲಿಕ್ಕೆ ನನಗೆ ನಾಚಿಕೆ ಇಲ್ಲ. ನಮ್ಮ ಮಂಗಳೂರಿನ ಪಿಲಿಕುಳದಲ್ಲಿ 2018ರ ಮಾರ್ಚ್‌ನಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ತೆರೆದ ಮೇಲೆ ಮಕ್ಕಳೊಟ್ಟಿಗೆ ಹೋಗಿ ನೋಡಿ ಬಂದೆ. ಅಂದಿನಿಂದ ಈ ವಿಷಯ ಎಲ್ಲಿ ಕಂಡರೂ ಬಿಡದೆ ಓದುತ್ತೇನೆ. ಹಾಗೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ನನ್ನ ಅಭಿಪ್ರಾಯ ಕೊನೆಗೆ.

ದುರ್ಬೀನು ಆಕಾಶಕ್ಕೇಕೆ?

ಮೊದಲು ಅತ್ತೆಯವರ ಪ್ರಶ್ನೆ. ಆಕಾಶ ಅಂಗಳದಿಂದಲೇ ಕಾಣುತ್ತದಲ್ಲ, ದುರ್ಬೀನನ್ನು ಮೇಲಕ್ಕೆ ಕಳಿಸುವುದೆಂತಕ್ಕೆ?

ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಆಟಿ ಕಳೆದು ಸೋಣ ಮುಗಿಯುವವರೆಗೆ ನಕ್ಷತ್ರದ ಮುಖ ಕಾಣುವುದೇ ಅಪರೂಪ. ಮಳೆ ಬಿಟ್ಟ ಮೇಲೂ ಕಡಲಿನ ತೇವ ಉಂಟು, ಪೇಟೆಯ ದೀಪ ಉಂಟು. ಆದರೆ ಮೋಡ ಒಂದೇ ಅಡ್ಡಿಯಲ್ಲ. ಶುಭ್ರವಾದ ರಾತ್ರಿಯಲ್ಲೂ ನಾವು ಗಾಳಿಯ ದಪ್ಪ ಪದರದ ಅಡಿಯಲ್ಲಿ ನಿಂತು ನೋಡುತ್ತೇವೆ. ಬಾವಿಯ ತಳಕ್ಕೆ ಬಿದ್ದ ಚೆಂಬನ್ನು ಮೇಲಿಂದ ಬಗ್ಗಿ ನೋಡಿ. ನೀರು ಅಲುಗಿದರೆ ಚೆಂಬೂ ಅಲುಗಿದಂತೆ ಕಾಣುತ್ತದೆ. ನಕ್ಷತ್ರ ಮಿನುಗುವುದೂ ಹಾಗೆಯೇ. ಅಲುಗುವುದು ನಕ್ಷತ್ರವಲ್ಲ, ನಡುವಿನ ಗಾಳಿ. ನೋಡುವ ಕಣ್ಣಿಗೆ ಅದು ಚಂದ. ಅಳತೆ ಮಾಡುವವರಿಗೆ ತೊಂದರೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಮ್ಮ ವಾತಾವರಣ ಒಂದು ಜರಡಿಯ ಹಾಗೆ. ಆಕಾಶದಿಂದ ಬರುವ ಕಿರಣಗಳಲ್ಲಿ ಕೆಲವನ್ನು ಮಾತ್ರ ಅದು ಕೆಳಗೆ ಬಿಡುತ್ತದೆ. ಕಣ್ಣಿಗೆ ಕಾಣುವ ಬೆಳಕು ಬರುತ್ತದೆ, ರೇಡಿಯೋ ಅಲೆ ಬರುತ್ತದೆ. ಅತಿನೇರಳೆ ಕಿರಣದ ಹೆಚ್ಚಿನ ಪಾಲನ್ನು ಓಝೋನ್ ಪದರ ಮೇಲೆಯೇ ತಡೆಯುತ್ತದೆ. ಆಕಾಶದ ಎಕ್ಸ್‌ರೇ ಅಂತೂ ನೆಲ ಮುಟ್ಟುವುದೇ ಇಲ್ಲ. ಮುಟ್ಟದಿರುವುದು ನಮ್ಮ ಪುಣ್ಯ ಅನ್ನಿ. ಮುಟ್ಟಿದರೆ ಗಿಡಮರ, ದನಕರು, ಮಕ್ಕಳುಮರಿ ಯಾರಿಗೂ ಕ್ಷೇಮವಿಲ್ಲ.

ಆದರೆ ಸಂಗತಿ ಏನೆಂದರೆ, ಆಕಾಶದಲ್ಲಿ ಅತಿ ಬಿಸಿಯಾದದ್ದು, ಅತಿ ರಭಸದ್ದು ಏನು ನಡೆದರೂ ಅದರ ಸುದ್ದಿ ಬರುವುದು ಈ ತಡೆಹಿಡಿದ ಕಿರಣಗಳಲ್ಲೇ. ಕಪ್ಪುಕುಳಿಯ ಸುತ್ತ ಸುಳಿಯುವ ಅನಿಲ ಕಾದು ಕಾದು ಎಕ್ಸ್‌ರೇ ಹೊರಡಿಸುತ್ತದೆ. ಎಳೆಯ ಬಿಸಿ ನಕ್ಷತ್ರಗಳು ಅತಿನೇರಳೆಯಲ್ಲಿ ಹೊಳೆಯುತ್ತವೆ. ಆ ಸುದ್ದಿ ಓದಬೇಕಾದರೆ ಜರಡಿಯ ಮೇಲಕ್ಕೇ ಹೋಗಬೇಕು. ಅದಕ್ಕೇ ಅಮೆರಿಕದವರು 1990ರಲ್ಲಿ ಹಬಲ್ ದೂರದರ್ಶಕವನ್ನೂ 1999ರಲ್ಲಿ 'ಚಂದ್ರ' ಎಂಬ ಎಕ್ಸ್‌ರೇ ದೂರದರ್ಶಕವನ್ನೂ ಕಳಿಸಿದರು. ಈ 'ಚಂದ್ರ' ಎಂದರೆ ಆಕಾಶದ ಚಂದ್ರನಲ್ಲ. ಅವಿಭಜಿತ ಭಾರತದಲ್ಲಿ ಹುಟ್ಟಿ ಬೆಳೆದು ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು. 2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ಎಂಬ ಇನ್ನೂ ದೊಡ್ಡದೊಂದು ಹೋಯಿತು.

ಅದಮಾರಿನಿಂದ ಹೊರಟವರು

ಇದೆಲ್ಲ ದೂರದ ದೊಡ್ಡವರ ಕೆಲಸ, ನಮ್ಮಂಥವರಿಗಲ್ಲ ಎಂದು ನಿಮ್ಮ ಯಜಮಾನರು ಹೇಳಬಹುದು. ಅವರಿಗೆ ಉಡುಪಿ ಹತ್ತಿರದ ಅದಮಾರಿನ ಕತೆ ಹೇಳಿ.

ಉಡುಪಿ ರಾಮಚಂದ್ರ ರಾವ್, ಎಲ್ಲರೂ ಯು. ಆರ್. ರಾವ್ ಎಂದು ಬಲ್ಲವರು, 1932ರ ಮಾರ್ಚ್ 10ರಂದು ಹುಟ್ಟಿದ್ದು ಅದಮಾರಿನಲ್ಲಿ. ಓದಿದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಆಮೇಲೆ ಬಳ್ಳಾರಿ, ಅನಂತಪುರ, ಕಾಶಿ ಎಂದು ಊರೂರು ತಿರುಗಿ ಕಲಿತು, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದರು. ಅಲ್ಲಿಂದ ಅಮೆರಿಕಕ್ಕೆ ಹೋದರು.

ಆಗ, 1962ರಲ್ಲಿ, ಅಮೆರಿಕದವರು ಮ್ಯಾರಿನರ್-2 ಎಂಬ ನೌಕೆಯನ್ನು ಶುಕ್ರಗ್ರಹದ ಕಡೆ ಕಳಿಸಿದ್ದರು. ಆ ವರ್ಷದ ಡಿಸೆಂಬರ್ 14ರಂದು ಅದು ಶುಕ್ರನ ಪಕ್ಕದಿಂದ ಹಾದುಹೋಯಿತು. ಬೇರೊಂದು ಗ್ರಹದ ಹತ್ತಿರ ಹೋಗಿ ಅಲ್ಲಿಂದ ವರ್ತಮಾನ ಕಳಿಸಿದ ಮೊದಲ ನೌಕೆ ಅದು. ದಾರಿಯುದ್ದಕ್ಕೂ ಅದು ಅಳೆದು ಕಳಿಸಿದ ಅಂಕಿಗಳನ್ನು ಹಿಡಿದು ಕೂತು ಲೆಕ್ಕ ಹಾಕಿದವರಲ್ಲಿ ನಮ್ಮ ಅದಮಾರಿನ ರಾಯರೂ ಒಬ್ಬರು. ಸೂರ್ಯನಿಂದ ಬೆಳಕು, ಶಾಖ ಮಾತ್ರವಲ್ಲ, ವಿದ್ಯುತ್ ತುಂಬಿದ ಕಣಗಳ ಒಂದು ಗಾಳಿಯೂ ಬಿಡುವಿಲ್ಲದೆ ಬೀಸುತ್ತಿರುತ್ತದೆ, ಅದು ಭೂಮಿಯ ಕಾಂತಶಕ್ತಿಯನ್ನು ಅಲುಗಿಸುತ್ತದೆ ಎಂಬುದನ್ನು ಆ ಅಂಕಿಗಳಿಂದ ತೋರಿಸಿದರು. ಇದಕ್ಕೆ ಸೌರ ಮಾರುತ ಎಂದು ಹೆಸರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರಿಗೆ ಮರಳಿದ ಮೇಲೆ ರಾಯರ ನೇತೃತ್ವದಲ್ಲಿ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಯಿತು. ಎಲ್ಲಿ? ಬೆಂಗಳೂರಿನ ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ. 360 ಕಿಲೋ ತೂಕದ ಅದು 1975ರ ಏಪ್ರಿಲ್ 19ರಂದು ರಷ್ಯದವರ ರಾಕೆಟ್ಟಿನಲ್ಲಿ ಮೇಲಕ್ಕೆ ಹೋಯಿತು. ಹಳೆ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಮೂಲೆ ಮೂಲೆಯಾದ ಒಂದು ಪೆಟ್ಟಿಗೆಯಂಥ ಚಿತ್ರ ಇರುತ್ತಿತ್ತಲ್ಲ, ಸಾಸಿವೆ ಡಬ್ಬಿಯಲ್ಲಿ ಮಡಿಸಿ ಇಡುತ್ತಿದ್ದೆವಲ್ಲ, ಅದೇ ಆರ್ಯಭಟ.

ಆರ್ಯಭಟದಲ್ಲಿ ಮೂರು ಪ್ರಯೋಗಗಳಿದ್ದವು. ಒಂದು ಆಕಾಶದ ಎಕ್ಸ್‌ರೇ ಹಿಡಿಯುವುದು, ಇನ್ನೊಂದು ಸೂರ್ಯನಿಂದ ಬರುವ ಕಣ ಮತ್ತು ಗಾಮಾ ಕಿರಣ ನೋಡುವುದು, ಮತ್ತೊಂದು ಮೇಲಿನ ವಾತಾವರಣದ ಅಧ್ಯಯನ. ಅಂದರೆ ನಮ್ಮ ದೇಶದ ಮೊಟ್ಟಮೊದಲ ಉಪಗ್ರಹವೇ ಆಕಾಶ ನೋಡಲಿಕ್ಕೆ ಹೋದದ್ದು! ಆದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ ಕರೆಂಟಿನ ತೊಂದರೆಯಾಗಿ ಆ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು.

ನಾಲ್ಕು ದಿನ ಎಂದರೆ ಎಷ್ಟು? ದೋಸೆ ಹಿಟ್ಟು ಕೂಡ ಫ್ರಿಜ್ಜಿನಲ್ಲಿ ಅದಕ್ಕಿಂತ ಹೆಚ್ಚು ಬಾಳುತ್ತದೆ. ಆದರೂ ಯಾರೂ ಕೈಚೆಲ್ಲಿ ಕೂರಲಿಲ್ಲ. ಅಲ್ಲಿ ಕಲಿತ ಜನ ಮುಂದಿನ ಉಪಗ್ರಹಗಳನ್ನು ಮಾಡಿದರು. ರಾಯರು 1984ರಿಂದ ಹತ್ತು ವರ್ಷ ಇಸ್ರೋ ಅಧ್ಯಕ್ಷರಾಗಿದ್ದರು. ಕೊನೆಗೆ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ 'ಆಸ್ಟ್ರೋಸ್ಯಾಟ್' ಹಾರಿತು. ಪೂರ್ತಿಯಾಗಿ ಖಗೋಳ ವೀಕ್ಷಣೆಗೆಂದೇ ನಮ್ಮವರು ಮಾಡಿದ ಮೊದಲ ಉಪಗ್ರಹ ಅದು. ಆರ್ಯಭಟದಿಂದ ಅದಕ್ಕೆ ನಲವತ್ತು ವರ್ಷ. ರಾಯರು ಎರಡನ್ನೂ ಕಣ್ಣಾರೆ ಕಂಡು, 2017ರ ಜುಲೈ 24ರಂದು ತೀರಿಕೊಂಡರು.

ಮಡಿಯಲ್ಲಿ ಹುಟ್ಟಿದ ದುರ್ಬೀನು

ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು ನೂರು ನಿಮಿಷ. ಅದರಲ್ಲಿ ಎಕ್ಸ್‌ರೇ ನೋಡುವ ಉಪಕರಣಗಳು ಬೇರೆ ಬೇರೆ ಉಂಟು. ಅತಿನೇರಳೆ ನೋಡುವ ಜೋಡಿ ದುರ್ಬೀನನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಜೋಡಿಸಿದ್ದು ಹೊಸಕೋಟೆಯ ಅವರ ಕೇಂದ್ರದಲ್ಲಿ. ಕನ್ನಡಿಯ ಅಗಲ 37 ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಂದರೆ ಒಂದು ದೊಡ್ಡ ಹರಿವಾಣದಷ್ಟು.

ಇದನ್ನು ಜೋಡಿಸಿದ ರೀತಿ ಕೇಳಿದರೆ ನಿಮ್ಮ ಅತ್ತೆಯವರಿಗೆ ಖುಷಿಯಾದೀತು. ನಮ್ಮ ಹಿರಿಯರ ಮಡಿ ಅದರ ಮುಂದೆ ಏನೂ ಅಲ್ಲ. ಅತಿನೇರಳೆ ಕಿರಣಕ್ಕೆ ಎಣ್ಣೆಪಸೆಯ ತೆಳು ಪೊರೆಯೂ ಗೋಡೆ ಇದ್ದಂತೆ. ಬೆರಳಿನ ಜಿಡ್ಡು, ಬಟ್ಟೆಯ ನೂಲೆಳೆ, ತಲೆಯ ಹೊಟ್ಟು, ಯಾವುದೂ ಕನ್ನಡಿಗೆ ತಾಗಬಾರದು. ಗಾಳಿಯನ್ನೇ ಸೋಸಿ ಬಿಡುವ ಕೋಣೆಯಲ್ಲಿ, ತಲೆಯಿಂದ ಕಾಲಿನವರೆಗೆ ಮುಚ್ಚುವ ಬಟ್ಟೆ ಹಾಕಿಕೊಂಡು ಕೆಲಸ.

ಮೇಲಕ್ಕೆ ಹೋದ ಮೇಲೂ ಅವಸರ ಮಾಡಲಿಲ್ಲ. ಹೊಸ ಪ್ಲಾಸ್ಟಿಕ್ ಡಬ್ಬಿಯನ್ನು ಮುಚ್ಚಳ ತೆಗೆದಿಟ್ಟರೆ ಎರಡು ದಿನ ವಾಸನೆ ಬರುತ್ತದಲ್ಲ? ಹಾಗೆಯೇ ಹೊಸ ಉಪಗ್ರಹದ ಮೈಯಿಂದಲೂ ಆವಿ ಹೊರಡುತ್ತಿರುತ್ತದೆ. ಅದು ಕನ್ನಡಿಗೆ ಕೂತರೆ ಕೆಲಸ ಕೆಟ್ಟಿತು. ಅದಕ್ಕಾಗಿ ದುರ್ಬೀನಿನ ಬಾಗಿಲನ್ನು ಎರಡು ತಿಂಗಳು ಮುಚ್ಚಿಯೇ ಇಟ್ಟು, ಆವಿಯೆಲ್ಲ ಆರಿಹೋದ ಮೇಲೆ 2015ರ ನವೆಂಬರ್ 30ರಂದು ತೆರೆದರು. ಇಷ್ಟು ವರ್ಷ ದುಡಿದು, ಮೇಲಕ್ಕೆ ಕಳಿಸಿ, ಮತ್ತೆ ಎರಡು ತಿಂಗಳು ಕಣ್ಣುಮುಚ್ಚಿ ಕಾಯುವುದೆಂದರೆ! ಅವಸರದವರಿಗೆ ಹೇಳಿಸಿದ ಕೆಲಸವಲ್ಲ ಇದು.

ಬಾಗಿಲು ತೆರೆದು ಮೊದಲು ನೋಡಿದ್ದು ಧ್ರುವ ನಕ್ಷತ್ರದ ನೆರೆಯ ಒಂದು ನಕ್ಷತ್ರ ಗುಂಪನ್ನು. ಎನ್.ಜಿ.ಸಿ. 188 ಎಂದು ಅದರ ಹೆಸರು. ದೂರ ಸುಮಾರು ಐದು ಸಾವಿರ ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ, ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿ.ಮೀ. ಆ ಗುಂಪಿನಲ್ಲಿರುವುದು ಎಲ್ಲ ಮುದಿ ನಕ್ಷತ್ರಗಳು. ಒಟ್ಟಿಗೇ ಹುಟ್ಟಿದವು. ಆದರೆ ಕೆಲವು ಮಾತ್ರ ಎಳೆಯವುಗಳ ಹಾಗೆ ನೀಲಿಯಾಗಿ ಹೊಳೆಯುತ್ತವೆ. ಅಜ್ಜಿಯಂದಿರ ಗುಂಪಿನಲ್ಲಿ ಒಬ್ಬಳು ಮಾತ್ರ ಇಪ್ಪತ್ತರ ಹುಡುಗಿಯ ಹಾಗೆ ಕಂಡರೆ ಸಂಶಯ ಬಾರದೇ? ವಿಜ್ಞಾನಿಗಳಿಗೂ ಬಂದಿತ್ತು, ಎಷ್ಟೋ ವರ್ಷಗಳಿಂದ.

ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ಸಂಗಡಿಗರು ಆಸ್ಟ್ರೋಸ್ಯಾಟ್‌ನ ಚಿತ್ರಗಳಲ್ಲಿ ಅಂಥ ಒಂದು ನೀಲಿ ನಕ್ಷತ್ರವನ್ನು ಅಳೆದು ನೋಡಿದಾಗ, ಅದು ಒಂಟಿಯಲ್ಲ, ಅದಕ್ಕೆ ಅಂಟಿಕೊಂಡ ಹಾಗೆ ಸಣ್ಣ, ಬಹಳ ಬಿಸಿಯಾದ ಇನ್ನೊಂದು ನಕ್ಷತ್ರ ಉಂಟೆಂದು ಗೊತ್ತಾಯಿತು. ಈ ಜೊತೆಗಾರ ನಕ್ಷತ್ರ ಒಂದು ಕಾಲದಲ್ಲಿ ದೊಡ್ಡದಿತ್ತು. ಅದರ ಮೈಯ ಅನಿಲವನ್ನೆಲ್ಲ ಪಕ್ಕದ್ದು ಹೀರಿಕೊಂಡು ಮತ್ತೆ ಪ್ರಾಯ ಬಂದ ಹಾಗೆ ಹೊಳೆಯತೊಡಗಿತು. ಉಳಿದದ್ದು ಬಿಸಿ ತಿರುಳು ಮಾತ್ರ. ಆ ಬಿಸಿ ತಿರುಳು ಎದ್ದು ಕಾಣುವುದು ಅತಿನೇರಳೆಯಲ್ಲಿ. ನೆಲದ ಮೇಲೆ ನಿಂತಿದ್ದರೆ ಈ ಗುಟ್ಟು ರಟ್ಟಾಗುತ್ತಿರಲಿಲ್ಲ.

ಈ ಅನ್ನಪೂರ್ಣಿಯವರು ಬಿ.ಎಸ್ಸಿ. ಓದಿದ್ದು ಯಾವ ದೊಡ್ಡ ನಗರದಲ್ಲೂ ಅಲ್ಲ, ಕೇರಳದ ಪಾಲಕ್ಕಾಡಿನ ವಿಕ್ಟೋರಿಯಾ ಕಾಲೇಜಿನಲ್ಲಿ. ಕರ್ನಾಟಕ ಸಂಗೀತವನ್ನೂ ಕಲಿತವರು. 2019ರಲ್ಲಿ ಅದೇ ಖಭೌತ ಸಂಸ್ಥೆಯ ನಿರ್ದೇಶಕಿಯಾದರು. ಹೆಂಗಸರಿಗೆ ಇದೆಂತಕ್ಕೆ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 2016ರ ಅಕ್ಟೋಬರ್‌ನಲ್ಲಿ ಆಸ್ಟ್ರೋಸ್ಯಾಟ್ ಆಕಾಶದ ಒಂದು ಸಣ್ಣ ಚೂರನ್ನು ಒಟ್ಟು 28 ಗಂಟೆಗೂ ಹೆಚ್ಚು ಹೊತ್ತು ದಿಟ್ಟಿಸಿ ನೋಡಿತು. ಸಿಕ್ಕಿದ ಚಿತ್ರವನ್ನು ಸೋಸಿ, ಸುಳ್ಳು ಚುಕ್ಕೆಗಳನ್ನೆಲ್ಲ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯಲು ಸುಮಾರು ಎರಡು ವರ್ಷ ಹಿಡಿಯಿತು. ಕೊನೆಗೆ ಪುಣೆಯ ಕನಕ್ ಸಾಹಾ ಮತ್ತು ಸಂಗಡಿಗರು 2020ರ ಆಗಸ್ಟ್‌ನಲ್ಲಿ ಪ್ರಕಟಿಸಿದರು: 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರಪುಂಜದಿಂದ ಹೊರಟ ತೀಕ್ಷ್ಣ ಅತಿನೇರಳೆ ಕಿರಣ ಸಿಕ್ಕಿದೆ! ಅಂದರೆ ಆ ಬೆಳಕು ಹೊರಟಾಗ ನಮ್ಮ ಭೂಮಿಯೂ ಇರಲಿಲ್ಲ, ಸೂರ್ಯನೂ ಇರಲಿಲ್ಲ. ಹಬಲ್ ದೂರದರ್ಶಕದ ಕನ್ನಡಿ ನಮ್ಮದಕ್ಕಿಂತ ಆರು ಪಾಲು ಅಗಲ. ಆದರೂ ಅದಕ್ಕೆ ಸಿಕ್ಕದ್ದು ನಮ್ಮ ಹರಿವಾಣದಗಲದ ಕನ್ನಡಿಗೆ ಸಿಕ್ಕಿತು. ಏಕೆಂದರೆ ನಮ್ಮ ಉಪಕರಣದಲ್ಲಿ ಒಳಗಿನ ಗದ್ದಲ ಕಡಿಮೆ. ಪಾತ್ರೆ ಸಣ್ಣದಾದರೂ ಶುದ್ಧವಾಗಿದ್ದರೆ ಹಾಲು ಒಡೆಯುವುದಿಲ್ಲ, ಅಲ್ಲವೇ?

ಐದು ವರ್ಷ ಬಾಳಲಿ ಎಂದು ಮಾಡಿದ ಆಸ್ಟ್ರೋಸ್ಯಾಟ್ 2025ರ ಸೆಪ್ಟೆಂಬರಿಗೆ ಹತ್ತು ವರ್ಷ ಪೂರೈಸಿತು. ನಡುವೆ 2018ರಲ್ಲಿ ಅದರ ಒಂದು ಕಣ್ಣು ನಿಂತಿತು, ಉಳಿದವುಗಳಿಂದ ಕೆಲಸ ಸಾಗಿತು. ನಾಲ್ಕು ದಿನದಿಂದ ಹತ್ತು ವರ್ಷಕ್ಕೆ ಬಂದದ್ದು ಸಣ್ಣ ಮಾತಲ್ಲ.

ಸೂರ್ಯನಿಗೆ ಮರೆ ಹಿಡಿದು

ಇದು ದೂರದ ನಕ್ಷತ್ರದ ಮಾತಾಯಿತು. ಈಗ ನಮ್ಮ ನಿತ್ಯದ ಸೂರ್ಯ.

2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಮಂಗಳೂರು, ಕಾಸರಗೋಡು, ಕೊಡಗಿನ ದಕ್ಷಿಣದಲ್ಲಿ ಉಂಗುರದ ಹಾಗೆ ಸೂರ್ಯಗ್ರಹಣ ಆದದ್ದು ನಿಮಗೆ ನೆನಪಿರಬಹುದು. ಅದಕ್ಕಿಂತ ಹಿಂದೆ 1980ರ ಫೆಬ್ರವರಿ 16ರಂದು ಕಾರವಾರ, ಹುಬ್ಬಳ್ಳಿ, ರಾಯಚೂರು ದಾರಿಯಲ್ಲಿ ಪೂರ್ಣ ಗ್ರಹಣವೇ ಆಗಿತ್ತು. ಆ ದಿನ ಬಾಗಿಲು ಹಾಕಿ ಒಳಗೆ ಕೂತವರ ಕತೆಯನ್ನು ನಮ್ಮ ಅಮ್ಮಂದಿರು ಹೇಳುತ್ತಾರೆ. ಪೂರ್ಣ ಗ್ರಹಣವಾದಾಗ ಸೂರ್ಯನ ಸುತ್ತ ಒಂದು ಬಿಳಿ ಪ್ರಭಾವಳಿ ಕಾಣುತ್ತದೆ. ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯ ಹಾಗೆಯೇ. ಬೇರೆ ದಿನ ಅದು ಕಾಣುವುದಿಲ್ಲ, ಸೂರ್ಯನ ಪ್ರಖರತೆ ನುಂಗಿಬಿಡುತ್ತದೆ. ಅದನ್ನು ನೋಡಲು ವಿಜ್ಞಾನಿಗಳು ಗ್ರಹಣ ಆಗುವ ಊರಿಗೆ ಪೆಟ್ಟಿಗೆ ಕಟ್ಟಿಕೊಂಡು ಹೋಗುವುದು, ಸಿಕ್ಕಿದ ಕೆಲವೇ ನಿಮಿಷದಲ್ಲಿ ಮೋಡ ಬಂದರೆ ಬರಿಗೈಯಲ್ಲಿ ಮರಳುವುದು.

ಇದಕ್ಕೊಂದು ಉಪಾಯ ಮಾಡಿದರು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯಲ್ಲಿ ಒಂದು ದುರ್ಬೀನು ಉಂಟು. ಅದು ಸೂರ್ಯಬಿಂಬದ ಬೆಳಕನ್ನು ತಡೆದು ಸುತ್ತಲಿನ ಪ್ರಭಾವಳಿಯನ್ನು ಮಾತ್ರ ನೋಡುತ್ತದೆ. ಅಂದರೆ ಬೇಕೆಂದಾಗ ಗ್ರಹಣ! ಇದೂ ಹೊಸಕೋಟೆಯಲ್ಲೇ ತಯಾರಾದದ್ದು. ಆದಿತ್ಯ ನಿಂತಿರುವ ಜಾಗ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ., ಚಂದ್ರನಿಗಿಂತ ನಾಲ್ಕು ಪಾಲು ದೂರ. ಅಲ್ಲಿ ಸೂರ್ಯನ ಸೆಳೆತ, ಭೂಮಿಯ ಸೆಳೆತ ಎರಡೂ ಹೊಂದಿಕೊಂಡು ನೌಕೆ ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುತ್ತದೆ. ಅಲ್ಲಿ ರಾತ್ರಿ ಇಲ್ಲ, ಮಳೆಗಾಲ ಇಲ್ಲ. 2024ರ ಜನವರಿ 6ರಂದು ಅದು ಅಲ್ಲಿಗೆ ಮುಟ್ಟಿತು. ಈ ಯೋಜನೆಯ ನಿರ್ದೇಶಕಿಯಾಗಿದ್ದವರು ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ನಿಗಾರ್ ಶಾಜಿ.

ನೋಡಿ ಸೂರ್ಯನ ವಿಚಿತ್ರ. ಅದರ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ. ಅದರಿಂದ ಹೊರಗಿರುವ ಪ್ರಭಾವಳಿಯದು ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಒಲೆಯ ಹತ್ತಿರಕ್ಕಿಂತ ಜಗಲಿಯಲ್ಲೇ ಸೆಕೆ ಹೆಚ್ಚು ಎಂದ ಹಾಗಾಯಿತಲ್ಲ! ಯಾಕೆ ಹೀಗೆ ಎಂಬ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ನಿಮ್ಮ ಮಗಳಂಥವರು ಹುಡುಕುವುದಕ್ಕೆ ಬಾಕಿ ಇದೆ.

ಅದಮಾರಿನ ರಾಯರು ಲೆಕ್ಕ ಹಾಕಿದ ಸೌರ ಮಾರುತವನ್ನು ಈಗ ಆದಿತ್ಯ ಅಳೆಯುತ್ತದೆ. ಅಳೆಯುವ ಉಪಕರಣ ಮಾಡಿದ್ದು ಯಾರು ಗೊತ್ತೇ? ರಾಯರು ಡಾಕ್ಟರೇಟ್ ಮಾಡಿದ ಅದೇ ಅಹಮದಾಬಾದಿನ ಪ್ರಯೋಗಾಲಯದವರು.

ನಮಗೇನು ಸಿಕ್ಕುತ್ತದೆ?

ಈಗ ಹೊಟ್ಟೆಯ ಪ್ರಶ್ನೆ. ಕೆಲವು ಸಲ ಸೂರ್ಯನಿಂದ ಈ ಗಾಳಿ ಬಿರುಗಾಳಿಯಾಗಿ ಹೊರಡುತ್ತದೆ. 1989ರ ಮಾರ್ಚ್‌ನಲ್ಲಿ ಹೀಗಾದಾಗ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು ಅರವತ್ತು ಲಕ್ಷ ಜನರಿಗೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಬಂದ ದೊಡ್ಡ ಬಿರುಗಾಳಿಗೆ ನಮ್ಮ ಲಡಾಖಿನ ಹಾನ್ಲೆಯಲ್ಲಿ ರಾತ್ರಿಯ ಆಕಾಶ ಕೆಂಪಾಯಿತು. ಆದಿತ್ಯ ಅದನ್ನು ದಾಖಲಿಸಿತು.

ಇಂದು ನಮ್ಮ ಬಂದರಿನಿಂದ, ಮಲ್ಪೆಯಿಂದ ಬೋಟು ಬಿಡುವವರು ದಾರಿ ಹಿಡಿಯುವುದು ಉಪಗ್ರಹದ ಸಂಕೇತದಿಂದ. ಟಿ.ವಿ., ಫೋನು, ಬ್ಯಾಂಕು, ಹವಾಮಾನದ ಮುನ್ಸೂಚನೆ, ಇವೆಲ್ಲಕ್ಕೂ ಉಪಗ್ರಹ ಬೇಕು. ಸೂರ್ಯ ಕೋಪಿಸಿಕೊಂಡರೆ ಮೊದಲು ಪೆಟ್ಟು ತಿನ್ನುವುದು ಇವೇ. ಕಾವಲಿಗೆ ಒಬ್ಬ ಮುಂದೆ ನಿಂತಿದ್ದರೆ ಒಳ್ಳೆಯದಲ್ಲವೇ?

ಆದರೆ ಮುದಿ ನಕ್ಷತ್ರಕ್ಕೆ ಪ್ರಾಯ ಬಂದದ್ದು ತಿಳಿದರೆ ಮೀನು ಹೆಚ್ಚು ಸಿಕ್ಕುತ್ತದೆಯೇ ಎಂದರೆ, ಇಲ್ಲ. ಸುಳ್ಳು ಹೇಳುವುದಿಲ್ಲ. ಕೆಲವು ಜ್ಞಾನ ಜ್ಞಾನಕ್ಕಾಗಿಯೇ. ಅದಕ್ಕೆ ತಗಲಿದ ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಆಸ್ಟ್ರೋಸ್ಯಾಟ್‌ಗೆ ಆದದ್ದು ಸುಮಾರು 178 ಕೋಟಿ ರೂಪಾಯಿ. ಕೇಳುವಾಗ ಎದೆ ಝಲ್ಲೆನ್ನುತ್ತದೆ. ದೇಶದ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಒಂದೂವರೆ ರೂಪಾಯಿಯೂ ಆಗುವುದಿಲ್ಲ. ಈಗ ಒಂದು ಬೆಂಕಿಪೊಟ್ಟಣಕ್ಕೇ ಎರಡು ರೂಪಾಯಿ. ಒಂದು ಬೆಂಕಿಪೊಟ್ಟಣಕ್ಕಿಂತ ಕಡಿಮೆಗೆ ಹತ್ತು ವರ್ಷ ಆಕಾಶ ನೋಡಿದೆವು.

ಸೋದರಿಗೆ ನಾನು ಹೇಳುವುದು

ಮಗಳ ಕಡೆ ನಿಲ್ಲಿ. ಆದರೆ ಕಣ್ಣು ತೆರೆದು ನಿಲ್ಲಿ.

ಮೊದಲನೆಯದು, ದಾರಿ ಉದ್ದ. ಎಂ.ಎಸ್ಸಿ. ಎರಡು ವರ್ಷ, ಸಂಶೋಧನೆ ಐದಾರು ವರ್ಷ. ಸೀಟುಗಳು ಕಡಿಮೆ, ಪರೀಕ್ಷೆ ಕಠಿಣ. ಮುಗಿಸಿದವರಿಗೆಲ್ಲ ಖಾಯಂ ಕೆಲಸ ಸಿಕ್ಕುತ್ತದೆಂಬ ಭರವಸೆ ಯಾರೂ ಕೊಡಲಾರರು. ಇದನ್ನು ಮಗಳಿಗೆ ಕೂರಿಸಿ ಹೇಳಿ. ಕೇಳಿದ ಮೇಲೂ ಅವಳ ಮನಸ್ಸು ಅಲ್ಲೇ ಇದ್ದರೆ ಅದು ಹಟವಲ್ಲ, ಆಸಕ್ತಿ.

ಎರಡನೆಯದು, ಎಂ.ಎಸ್ಸಿ.ಗೆ ದೂರ ಹೋಗಲೇಬೇಕೆಂದಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಉಂಟು, ಸುರತ್ಕಲ್‌ನ ಎನ್.ಐ.ಟಿ. ಉಂಟು. ಐ.ಐ.ಟಿ.ಗಳಿಗೆ, ಇನ್ನೂ ಹಲವು ಕಡೆಗೆ 'ಜಾಮ್' ಎಂಬ ಪ್ರವೇಶ ಪರೀಕ್ಷೆ ಇದೆ. ಮುಂದೆ ಸಂಶೋಧನೆಗೆ 'ಜೆಸ್ಟ್', 'ನೆಟ್', 'ಗೇಟ್' ಎಂಬ ಪರೀಕ್ಷೆಗಳು. ಅರ್ಜಿಯ ಕೊನೆಯ ದಿನಾಂಕಗಳನ್ನು ಕಾಲೇಜಿನ ಮೇಷ್ಟ್ರ ಹತ್ತಿರ ಕೇಳಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ತಾರೀಕು ದಾಟಿ.

ಮೂರನೆಯದು ಯಜಮಾನರಿಗೆ. ಈ ಪರೀಕ್ಷೆಗಳಲ್ಲಿ ಗೆದ್ದು ಸಂಶೋಧನೆಗೆ ಸೇರಿದರೆ ಫೀಸು ಕಟ್ಟಿ ಸೋಲಬೇಕಾಗಿಲ್ಲ, ಅವರೇ ವಿದ್ಯಾರ್ಥಿವೇತನ ಕೊಡುತ್ತಾರೆ. ಕೇಂದ್ರ ಸರಕಾರದ ಫೆಲೋಶಿಪ್ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು. ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದಿರಲ್ಲ, ಇದು ಉತ್ತರ. ಬಿ.ಎಡ್. ಎಲ್ಲಿಗೂ ಓಡಿಹೋಗುವುದಿಲ್ಲ, ಎಂ.ಎಸ್ಸಿ. ಆದ ಮೇಲೂ ಮಾಡಬಹುದು. ಫಿಸಿಕ್ಸ್ ಎಂ.ಎಸ್ಸಿ. ಆದವಳು ನಾಳೆ ಸಂಶೋಧನೆಗೆ ಹೋಗದಿದ್ದರೂ ಪಾಠ ಹೇಳಬಹುದು, ಕಂಪ್ಯೂಟರ್ ಕೆಲಸಕ್ಕೂ ಹೋಗಬಹುದು. ಎರಡು ವರ್ಷ ಓದಿಸುವುದರಿಂದ ಯಾವ ಬಾಗಿಲೂ ಮುಚ್ಚುವುದಿಲ್ಲ. ಓದಿಸದಿದ್ದರೆ ಒಂದು ಬಾಗಿಲು ಖಂಡಿತ ಮುಚ್ಚುತ್ತದೆ. ಒಳ್ಳೆಯ ಸಂಬಂಧ ಎರಡು ವರ್ಷದ ಮೇಲೂ ಬರುತ್ತದೆ.

ನಾಲ್ಕನೆಯದು ಮಗಳಿಗೆ. ಆಸ್ಟ್ರೋಸ್ಯಾಟ್ ಕಳಿಸಿದ ಮಾಹಿತಿಯನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರದಲ್ಲಿ ಜೋಪಾನ ಮಾಡಿದ್ದಾರೆ. 2018ರಿಂದ ಅದು ಎಲ್ಲರಿಗೂ ತೆರೆದಿದೆ. ಹಾನ್ಲೆಗೋ ಅಮೆರಿಕಕ್ಕೋ ಹೋಗಬೇಕಾಗಿಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿ ಮೇಷ್ಟ್ರ ಸಹಾಯದಿಂದ ತೆಗೆದು ನೋಡಲಿ. ರಾಯರೂ ಶುರುಮಾಡಿದ್ದು ಇನ್ನೊಬ್ಬರ ನೌಕೆ ಕಳಿಸಿದ ಅಂಕಿಗಳಿಂದಲೇ. ಒಂದು ತಿಂಗಳು ಅಂಕಿಗಳ ಜೊತೆ ಕೂತರೆ ಇದು ತನಗೆ ಹಿಡಿಸುತ್ತದೋ ಇಲ್ಲವೋ ಎಂದು ಅವಳಿಗೇ ಗೊತ್ತಾಗುತ್ತದೆ. ನಕ್ಷತ್ರ ನೋಡುವ ಕೆಲಸದಲ್ಲಿ ನೋಡುವುದಕ್ಕಿಂತ ಲೆಕ್ಕ ಹಾಕುವುದೇ ಹೆಚ್ಚು.

ಕೊನೆಗೆ ಅತ್ತೆಯವರು. ಅವರೊಟ್ಟಿಗೆ ವಾದ ಬೇಡ. ಬೇಸಿಗೆಯ ಒಂದು ರಾತ್ರಿ, ಮೋಡ ಇಲ್ಲದಾಗ, ಮೊಮ್ಮಗಳಿಗೆ ಅರುಂಧತಿ ತೋರಿಸಿ ಎಂದು ಅವರನ್ನೇ ಅಂಗಳಕ್ಕೆ ಕರೆಯಿರಿ. ಮದುವೆಯಲ್ಲಿ ಎಲ್ಲರೂ ನೋಡಿದವರೇ. ಸಪ್ತರ್ಷಿಯ ಬಾಲದಲ್ಲಿ ವಸಿಷ್ಠ, ಪಕ್ಕದಲ್ಲೇ ಮಂಕಾಗಿ ಅರುಂಧತಿ. ಅವರು ತೋರಿಸಲಿ. ಆಮೇಲೆ ಮೊಮ್ಮಗಳು ಹೇಳಲಿ, ದುರ್ಬೀನಿನಿಂದ ಅಳೆದವರ ಲೆಕ್ಕದಲ್ಲಿ ಆ ವಸಿಷ್ಠ ಒಂದಲ್ಲ, ನಾಲ್ಕು ನಕ್ಷತ್ರ. ಅರುಂಧತಿ ಎರಡು ಎಂದು. ದೊಡ್ಡ ಸಂಸಾರವೇ ಉಂಟು ಅಲ್ಲಿ. ಅಜ್ಜಿಗೆ ಸಿಟ್ಟು ಬರುತ್ತದೋ ನಗು ಬರುತ್ತದೋ ನನಗೆ ಬರೆದು ತಿಳಿಸಿ.

ಉಳಿದ ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಹಟದ ಮಗಳಿದ್ದರೆ ಈ ಪುಟವನ್ನು ಹರಿದು ಜೋಪಾನವಾಗಿಡಿ. ಹಪ್ಪಳ ಕೆಂಪಾಗುವುದೇಕೆ, ನೀರುದೋಸೆ ಏಳುವುದು ಹೇಗೆ ಎಂಬುದು ಮುಂದಿನ ಸಂಚಿಕೆಯಲ್ಲಿ.